ಉತ್ತರ ಹೇಳದ ಆಟ: ಮೊಮ್ಮಗಳಿಗೊಂದು ಪತ್ರ

ದೊಡ್ಡಬಳ್ಳಾಪುರ

ಚಿ. ಪುಟ್ಟಿಗೆ ಅಜ್ಜಿಯ ಆಶೀರ್ವಾದಗಳು.

 

ಮೊನ್ನೆ ಫೋನಿನಲ್ಲಿ ನೀನೊಂದು ಮಾತು ಕೇಳಿದೆ. ಎರಡು ಗಂಟೆಯೊಳಗೆ ಆಡಿ ಮುಗಿಸಬಹುದಾದ, ಬಂದೂಕು ಬಾಂಬುಗಳಿಲ್ಲದ, ಮಾತೂ ಇಲ್ಲದ, ನಿಧಾನವಾಗಿ ಯೋಚಿಸುತ್ತ ಆಡುವಂಥ ಒಂದು ಒಗಟಿನ ವಿಡಿಯೊ ಗೇಮನ್ನು ನೀನೇ ಮಾಡಬೇಕೆಂದುಕೊಂಡಿದ್ದೀಯ. 'ಇದೆಲ್ಲ ನಮ್ಮ ಕಡೆಯವರಿಗೆ ಆಗಿಬರೋದಲ್ಲ ಅಂತಾರೆ ಅಪ್ಪ. ನೀನೇನಂತೀಯ ಅಜ್ಜಿ?' ಅಂದೆ. ಇಂಥ ಪ್ರಶ್ನೆಗೆ 'ಮಾಡಮ್ಮ, ಒಳ್ಳೇದಾಗಲಿ' ಎಂದಷ್ಟೇ ಹೇಳಿ ಫೋನಿಡಲು ನನಗೆ ಮನಸ್ಸಾಗಲಿಲ್ಲ. ಅದಕ್ಕೇ ಈ ಕಾಗದ. ಮೂವತ್ತು ವರ್ಷಕ್ಕೂ ಮಿಕ್ಕಿ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವಳು ನಾನು. ನನಗೆ ಒಗಟೂ ಗೊತ್ತು, ಅದರ ಮುಂದೆ ಕೂತ ಮಗುವಿನ ಮುಖವೂ ಗೊತ್ತು. ಆ ಬಲದ ಮೇಲೆ ಹೇಳುತ್ತೇನೆ: ಅಂಥ ಆಟ ನಮಗೆ ಆಗಿಬರುತ್ತದೆ. ಇನ್ನೂ ಹೇಳಬೇಕೆಂದರೆ, ಅದು ಬಹಳ ಹಿಂದಿನಿಂದ ನಮ್ಮದೇ.

ನೀನು ಟ್ಯಾಬಿನಲ್ಲಿ ಹಾಕಿಕೊಟ್ಟು ಹೋದ 'ಗೊರೊಗೋವಾ' ಆಟವನ್ನು ಪೂರ್ತಿ ಆಡಿದೆ. ಪರದೆಯ ಮೇಲೆ ಬರೀ ನಾಲ್ಕು ಚೌಕ, ಎರಡರ ಕೆಳಗೆ ಎರಡು. ಚೌಕದೊಳಗೆ ಕೈಯಲ್ಲೇ ಬಿಡಿಸಿದ ಚಿತ್ರಗಳು. ಚಿತ್ರದ ಒಳಕ್ಕೆ ಹೋಗಬಹುದು, ಹೊರಕ್ಕೆ ಬರಬಹುದು, ಒಂದನ್ನು ಎತ್ತಿ ಇನ್ನೊಂದರ ಪಕ್ಕಕ್ಕೋ ಮೇಲಕ್ಕೋ ಇಡಬಹುದು. ಆಡುವವರ ಕೈಯಲ್ಲಿರುವುದು ಇಷ್ಟೇ. ಆದರೆ ಇಷ್ಟರಲ್ಲೇ ಏನೆಲ್ಲ ನಡೆಯುತ್ತದೆ! ಮೇಲಿನ ಚಿತ್ರದ ಮರದಿಂದ ಉದುರಿದ ಹಣ್ಣು ಕೆಳಗಿನ ಚಿತ್ರದ ಹುಡುಗ ಹಿಡಿದ ಬಟ್ಟಲಿಗೆ ಬೀಳುತ್ತದೆ. ಒಂದು ಚಿತ್ರದ ಬಾಗಿಲಿನ ಚೌಕಟ್ಟನ್ನು ಎತ್ತಿ ಇನ್ನೊಂದರ ಮೇಲಿಟ್ಟರೆ ಹುಡುಗ ಈ ಕೋಣೆಯಿಂದ ಎಲ್ಲೋ ಇರುವ ಬೇರೊಂದು ಜಾಗಕ್ಕೆ ದಾಟುತ್ತಾನೆ. ಆಕಾಶದ ನಕ್ಷತ್ರ ಇನ್ನೊಂದು ಚೌಕದ ಲಾಂದ್ರದೊಳಗಿನ ಬೆಳಕಾಗುತ್ತದೆ. 'ಹೀಗೆ ಮಾಡು' ಎಂದು ಯಾರೂ ಹೇಳುವುದಿಲ್ಲ. ಒಂದು ಅಕ್ಷರವನ್ನೂ ಓದಬೇಕಾಗಿಲ್ಲ.

ಇದನ್ನು ಮಾಡಿದ ಜೇಸನ್ ರಾಬರ್ಟ್ಸ್ ನಿನ್ನ ಹಾಗೆಯೇ ಸಾಫ್ಟ್‌ವೇರ್ ಕೆಲಸದಲ್ಲಿದ್ದವರು. ಆ ಕೆಲಸ ಬಿಟ್ಟು, ಕೂಡಿಟ್ಟ ಹಣ ಖರ್ಚು ಮಾಡಿಕೊಂಡು, ಒಬ್ಬರೇ ಕೂತು ಚಿತ್ರ ಬರೆದರು. 2012ರಲ್ಲಿ ಅದರ ಮಾದರಿಯನ್ನು ಜನರಿಗೆ ತೋರಿಸಿದರು. ಪೂರ್ತಿ ಆಟ ಹೊರಬಂದದ್ದು 2017ರ ಡಿಸೆಂಬರಿನಲ್ಲಿ. ಮರುವರ್ಷ ಬ್ರಿಟನ್ನಿನ ಬಾಫ್ಟಾದವರು ಅದಕ್ಕೆ ಚೊಚ್ಚಲ ಆಟದ ಪ್ರಶಸ್ತಿ ಕೊಟ್ಟರು. ಆಡುವವರ ಎರಡು ಗಂಟೆಗೋಸ್ಕರ ಮಾಡುವವರು ಐದಾರು ವರ್ಷ ಕೂತಿದ್ದಾರೆ. ಅಷ್ಟು ಚಿಕ್ಕ ಆಟಕ್ಕೆ ಯಾರು ದುಡ್ಡು ಕೊಡುತ್ತಾರೆ ಎಂದು ನಿಮ್ಮಪ್ಪ ಕೇಳಿದರೆ ಈ ಲೆಕ್ಕವನ್ನು ಮುಂದಿಡು. ಗಂಟೆಗಳನ್ನು ಎಣಿಸಿ ಬೆಲೆ ಕಟ್ಟುವುದಾದರೆ ಮೂರು ಸಾಲಿನ ವಚನಕ್ಕೆ ನಮ್ಮಲ್ಲಿ ಬೆಲೆಯೇ ಇರುತ್ತಿರಲಿಲ್ಲ.

ಇನ್ನು ಆಟದ ಒಳಗಿನ ಕತೆ. ಒಬ್ಬ ಹುಡುಗ ಊರಿನ ಕಟ್ಟಡಗಳ ಆಚೆ ಬಣ್ಣಬಣ್ಣದ ಒಂದು ಅದ್ಭುತ ಪ್ರಾಣಿಯನ್ನು ಕಾಣುತ್ತಾನೆ. ಐದು ಬಣ್ಣದ ಐದು ಹಣ್ಣು ಅರ್ಪಿಸಿದರೆ ಅದು ಒಲಿದೀತೆಂದು ಹುಡುಕಿ ಹೊರಡುತ್ತಾನೆ. ಹುಡುಕುತ್ತ ಹುಡುಕುತ್ತ ಆಯುಷ್ಯವೇ ಕಳೆಯುತ್ತದೆ. ನಡುವೆ ಯುದ್ಧ ಬರುತ್ತದೆ, ಊರು ಹಾಳಾಗುತ್ತದೆ, ಗಾಯಗೊಂಡ ದೇಹದಲ್ಲಿ ಅವನು ಪುಸ್ತಕ ಓದುತ್ತಾನೆ, ಯಾತ್ರೆ ಹೋಗುತ್ತಾನೆ, ಮುದುಕನಾಗುತ್ತಾನೆ. ಎಳವೆಯಲ್ಲಿ ಇಟ್ಟ ನೈವೇದ್ಯಕ್ಕೆ ಅವನು ಬಯಸಿದ ಫಲ ಸಿಗುವುದಿಲ್ಲ. ನೀನು ಇದನ್ನು ಆಡಿದಾಗ ಚೌಕಗಳ ಜಾಣತನಕ್ಕೆ ಬೆರಗಾದೆಯಂತೆ. ನನಗೆ ಆ ಹುಡುಗನ ಮೇಲೆಯೇ ಗಮನವಿತ್ತು. ಚಿಕ್ಕಂದಿನಲ್ಲಿ ಕಂಡದ್ದನ್ನು ಮುದುಕನಾದ ಮೇಲೆ ಅವನು ಮತ್ತೊಮ್ಮೆ ನೋಡುವ ಹೊತ್ತಿಗೆ, ಸಿಕ್ಕದೆ ಹೋದದ್ದಕ್ಕಿಂತ ಹುಡುಕುತ್ತ ಬಾಳಿದ ದಿನಗಳೇ ದೊಡ್ಡವಾಗಿ ಕಂಡವು. ಒಂದೇ ಆಟ ನಿನ್ನ ವಯಸ್ಸಿಗೆ ಒಂದನ್ನು, ನನ್ನ ವಯಸ್ಸಿಗೆ ಇನ್ನೊಂದನ್ನು ಕೊಟ್ಟಿತು. ಉತ್ತರವನ್ನು ಬಾಯಿಬಿಟ್ಟು ಹೇಳಿದ್ದರೆ ಇಬ್ಬರಿಗೂ ಒಂದೇ ಸಿಗುತ್ತಿತ್ತು.

ಈಗ 'ನಮ್ಮದು' ಎಂದೆನಲ್ಲ, ಅದರ ವಿಚಾರ.

ನಮ್ಮ ಘಾಟಿ ಸುಬ್ರಹ್ಮಣ್ಯ ದೇವಸ್ಥಾನದ ಗರ್ಭಗುಡಿಯನ್ನು ನೆನಪು ಮಾಡಿಕೊ. ಒಂದೇ ಕಲ್ಲಿನಲ್ಲಿ ಸುಬ್ರಹ್ಮಣ್ಯ ಪೂರ್ವಕ್ಕೆ, ಅವನ ಬೆನ್ನಿಗೆ ನರಸಿಂಹ ಪಶ್ಚಿಮಕ್ಕೆ. ಎದುರಿಗೆ ನಿಂತವರಿಗೆ ಒಬ್ಬನೇ ಕಾಣುತ್ತಾನೆ. ಅದಕ್ಕೇ ಹಿಂದೆ ದೊಡ್ಡ ಕನ್ನಡಿ ಇಟ್ಟಿದ್ದಾರೆ. ನೀನು ಚಿಕ್ಕವಳಿದ್ದಾಗ ಎತ್ತಿಕೊಂಡು ತೋರಿಸಿದ್ದೆ. 'ಕನ್ನಡಿ ಒಳಗೆ ಬೇರೆ ಸಾಮಿ ಐತೆ' ಎಂದು ನೀನು ಕೂಗಿಕೊಂಡೆ. ವಿಗ್ರಹವನ್ನು ಅಲುಗಿಸದೆ, ನೋಟವನ್ನು ಮಾತ್ರ ತಿರುಗಿಸಿ ಮರೆಯಲ್ಲಿದ್ದುದನ್ನು ಎದುರಿಗೆ ತಂದ ಉಪಾಯ ಅದು. ಗೊರೊಗೋವಾದ ಎಷ್ಟೋ ಒಗಟುಗಳು ಬಿಡಿಸಿಕೊಳ್ಳುವುದು ಹೀಗೆಯೇ. ವಸ್ತು ಇದ್ದಲ್ಲೇ ಇರುತ್ತದೆ. ಬದಲಾಗಬೇಕಾದದ್ದು ನೋಡುವ ಬಗೆ.

ನೆಲಮಂಗಲದ ಶಿವಗಂಗೆ ಬೆಟ್ಟವೂ ಹಾಗೆಯೇ. ಪೂರ್ವದಿಂದ ನೋಡಿದರೆ ನಂದಿ, ಪಶ್ಚಿಮದಿಂದ ಗಣಪತಿ, ದಕ್ಷಿಣದಿಂದ ಲಿಂಗ, ಉತ್ತರದಿಂದ ಹೆಡೆಯೆತ್ತಿದ ಸರ್ಪ ಎಂದು ನಮ್ಮ ಹಿರಿಯರು ತೋರಿಸುತ್ತಾ ಬಂದಿದ್ದಾರೆ. ನಾಲ್ಕೂ ಒಂದೇ ಬಂಡೆ. ನಾಲ್ಕನ್ನೂ ಕಾಣಬೇಕಾದವರು ಸುತ್ತ ನಡೆಯಲೇಬೇಕು. ಬೆಟ್ಟದ ಮೇಲಿನ ಒಳಕಲ್ಲು ತೀರ್ಥದಲ್ಲಿ ಬಂಡೆಯ ಗುಂಡಿಯೊಳಗೆ ಕೈ ಇಳಿಬಿಟ್ಟು ಕಾಣದ ನೀರನ್ನು ತಡಕುತ್ತಾರೆ. ಹತ್ತುವ ಆಯಾಸ, ಕತ್ತಲ ಗುಹೆ, ಬೆರಳಿಗೆ ಸಿಕ್ಕೀತೋ ಇಲ್ಲವೋ ಎಂಬ ಅಳುಕು, ಎಲ್ಲ ಸೇರಿ ಆ ನೀರಿಗೆ ತೂಕ ಬಂದಿದೆ. ಅದನ್ನೇ ಲೋಟದಲ್ಲಿ ತಂದುಕೊಟ್ಟರೆ ಅದು ಬರೀ ನೀರು.

ಇನ್ನೊಂದು ಇನ್ನೂ ಹತ್ತಿರದ್ದು, ಲೆಕ್ಕದ ಟೀಚರಾಗಿದ್ದ ನನಗೆ ಬಹಳ ಪ್ರಿಯವಾದದ್ದು. ಸಿರಿಭೂವಲಯದ ಹೆಸರು ಕೇಳಿರುತ್ತೀಯ. ಕುಮುದೇಂದು ಮುನಿ ರಚಿಸಿದ ಅಂಕಕಾವ್ಯ. ಅದರಲ್ಲಿ ಅಕ್ಷರವೇ ಇಲ್ಲ. 27 ಅಡ್ಡಸಾಲು, 27 ಉದ್ದಸಾಲು, ಒಟ್ಟು 729 ಮನೆಗಳ ಚಕ್ರ. ಮನೆಗೊಂದು ಅಂಕಿ, 1ರಿಂದ 64ರೊಳಗೆ. ಒಂದೊಂದು ಅಂಕಿಗೂ ಒಂದೊಂದು ಧ್ವನಿ. ಯಾವ ಮನೆಯಿಂದ ಯಾವ ಮನೆಗೆ ಹೆಜ್ಜೆ ಇಡಬೇಕೆಂಬ ಬಂಧದ ಗುಟ್ಟು ತಿಳಿದರೆ ಆ ಅಂಕಿಗಳೊಳಗಿಂದ ಸಾಂಗತ್ಯ ಛಂದಸ್ಸಿನ ಕನ್ನಡ ಪದ್ಯ ಹೊರಡುತ್ತದೆ. ಈ ಗ್ರಂಥದ ಜತೆ ನಮ್ಮ ನೆಲಮಂಗಲ ಸೀಮೆಯ ದೊಡ್ಡಬೆಲೆಗೆ ನಂಟಿದೆ. ನಿನ್ನ ರೈಲು ತುಮಕೂರಿನ ಕಡೆ ಹೋಗುವಾಗ ದಾಟುವ ಅದೇ ದೊಡ್ಡಬೆಲೆ. ಪಂಡಿತ ಯಲ್ಲಪ್ಪ ಶಾಸ್ತ್ರಿಗಳು ಕಾಪಾಡಿದ ಈ ಅಂಕಿಗಳ ಕಟ್ಟನ್ನು ಕರ್ಲಮಂಗಲಂ ಶ್ರೀಕಂಠಯ್ಯನವರೂ, ಕನ್ನಡ ಬೆರಳಚ್ಚು ಯಂತ್ರಕ್ಕೆ ಕೀಲಿಮಣೆ ರೂಪಿಸಿದ ಕೆ. ಅನಂತಸುಬ್ಬರಾಯರೂ ಜತೆಗೂಡಿ ಬಿಡಿಸಿದರು. 1953ರಲ್ಲಿ ಅದು ಅಚ್ಚಾಯಿತು. ಅದರ ಕಾಲ ಯಾವುದೆಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಲೋಕದ ಸಕಲ ವಿಜ್ಞಾನವೂ ಅದರೊಳಗಿದೆ ಎಂಬ ಮಾತನ್ನು ನಾನು ಹೊತ್ತು ತಿರುಗುವುದಿಲ್ಲ. ನನ್ನನ್ನು ಹಿಡಿದಿರುವುದು ಇಷ್ಟು: ಒಬ್ಬ ಕವಿ ತನ್ನ ಕಾವ್ಯವನ್ನು ಅಂಕಿಗಳ ಕೆಳಗೆ ಹುದುಗಿಸಿಟ್ಟು, ಮುಂದೆ ಎಂದೋ ಯಾರೋ ತಾಳ್ಮೆಯಿಂದ ಬಂದು ಬಿಡಿಸುತ್ತಾರೆಂದು ನಂಬಿದ. ಆ ನಂಬಿಕೆ ದೊಡ್ಡದು ಪುಟ್ಟೀ.

ತತ್ತ್ವವನ್ನು ಒಗಟಾಗಿಸುವುದಂತೂ ಕನ್ನಡಕ್ಕೆ ರಕ್ತಗತ. ಹನ್ನೆರಡನೆಯ ಶತಮಾನದ ಅಲ್ಲಮನ ಬೆಡಗಿನ ವಚನಗಳಿವೆ. ಅಲ್ಲಿ ಕಾಣುವ ಮೃಗಪಕ್ಷಿ, ಮರ, ಬೆಟ್ಟ ಯಾವುದೂ ಬರೀ ಕಂಡದ್ದಲ್ಲ. ಮುಂದೆ ಕನಕದಾಸರು ಮುಂಡಿಗೆಗಳನ್ನು ಹಾಡಿದರು. ಪಂಡಿತರು ಬೆಡಗಿಗೆ ಟೀಕೆ ಬರೆದರು, ಪ್ರತಿ ತಲೆಮಾರೂ ಬರೆಯಿತು. ಆದರೂ ಅವು ಖಾಲಿಯಾಗಲಿಲ್ಲ. ನೇರವಾಗಿ ಹೇಳಲು ಬಾರದೆ ಅವರು ಹಾಗೆ ಹೇಳಿದ್ದಲ್ಲ. ಕೆಲವು ಸತ್ಯಗಳನ್ನು ಕೇಳಿಸಿಕೊಂಡರೆ ಸಾಲದು, ತಾನೇ ತಲುಪಬೇಕು ಎಂಬುದು ಅವರಿಗೆ ತಿಳಿದಿತ್ತು.

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರನ್ನು (1794–1868) ಈ ದಾರಿಯ ದೊಡ್ಡ ಗುರು ಎಂದು ತಿಳಿ. ಅವರ ಶ್ರೀತತ್ತ್ವನಿಧಿ ಗ್ರಂಥದ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕ ನಿಧಿಯಲ್ಲಿ ಆಟಗಳದೇ ಸಂಭ್ರಮ. ಚದುರಂಗದ ಕುದುರೆ 64 ಮನೆಗಳನ್ನೂ ಒಂದೊಂದೇ ಸಲ ಮೆಟ್ಟಿ ಬರುವ ದಾರಿಗಳನ್ನು ಅವರು ರಚಿಸಿದರು. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು 'ಕ್ರೀಡಾ ಕೌಶಲ್ಯ' ಎಂಬ ಪ್ರದರ್ಶನದಲ್ಲಿ ನಮ್ಮ ಹಳೆಯ ಮಣೆಯಾಟಗಳನ್ನು ಹೊಸದಾಗಿ ಮಾಡಿಸಿ ತೋರಿಸುತ್ತಾ ಬಂದಿದ್ದಾರೆ. ಒಮ್ಮೆ ಹೋಗಿ ನೋಡು. ಪರಮಪದ ಸೋಪಾನ ಪಟದ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲು. ಮಕ್ಕಳ ಹಾವು ಏಣಿಯಾಟದ ಮೂಲ ಅದು. ಕೆಳಗೆ ಲೋಕದ ಆಸೆ, ಮೇಲೆ ವೈಕುಂಠ, ಗುಣಗಳೆಲ್ಲ ಏಣಿ, ದೋಷಗಳೆಲ್ಲ ಹಾವು. ತತ್ತ್ವವನ್ನು ಆಟದ ಮಣೆಯ ಮೇಲೆ ಹರಡುವುದು ನಮ್ಮವರಿಗೆ ಹೊಸತಲ್ಲ.

ಇಷ್ಟೆಲ್ಲ ಹೇಳಿದ್ದು ಹಳೆಯದನ್ನು ಹೊಗಳಿ ಸುಮ್ಮನಾಗಲಿಕ್ಕಲ್ಲ. ಮಾಡುವವಳು ನೀನು, ನಿನಗೆ ನನ್ನದೊಂದು ಮುಖ್ಯವಾದ ಮಾತಿದೆ.

ತರಗತಿಯಲ್ಲಿ ಲೆಕ್ಕ ಬಿಡಿಸಲಾಗದೆ ಕೂತ ಮಗುವನ್ನು ಕಂಡಾಗ ಟೀಚರಿಗೆ ಉತ್ತರ ಹೇಳಿಬಿಡುವ ಆಸೆ ಬರುತ್ತದೆ. ಪ್ರೀತಿಯಿಂದಲೇ ಬರುತ್ತದೆ. ಆದರೆ ಹೇಳಿದ ಕ್ಷಣ ಆ ಲೆಕ್ಕ ಟೀಚರದಾಗುತ್ತದೆ, ಮಗುವಿನದಾಗುವುದಿಲ್ಲ. ಪಕ್ಕದಲ್ಲಿ ಕೂತು, 'ಇದನ್ನು ಇನ್ನೊಂದು ಸಲ ಓದು', 'ಇಲ್ಲೊಂದು ಗೆರೆ ಎಳೆದು ನೋಡು' ಎಂದು ದಾರಿಯನ್ನಷ್ಟೇ ತೆರೆದು, ಉತ್ತರವನ್ನು ತುಟಿಯಲ್ಲೇ ತಡೆದುಕೊಂಡರೆ ಮಗು ತಾನೇ ತಲುಪುತ್ತದೆ. ಹಾಗೆ ತಡೆದುಕೊಳ್ಳುವುದು ಕಷ್ಟ, ಮಗುವಿನ ಮೇಲೆ ಗೌರವವಿದ್ದವರಿಂದ ಮಾತ್ರ ಆಗುವ ಕೆಲಸ. ಒಳ್ಳೆಯ ಒಗಟಿನ ಆಟ ಮಾಡುವವರದೂ ಅದೇ ಧರ್ಮ. ಆಡುವವರು ಸಿಕ್ಕಿಹಾಕಿಕೊಂಡಲ್ಲೆಲ್ಲ ಬಾಣದ ಗುರುತು ಇಡಬೇಡ. ಹೆಜ್ಜೆಹೆಜ್ಜೆಗೂ 'ಶಭಾಶ್' ಎಂದು ನಾಣ್ಯ ಉದುರಿಸಬೇಡ. ಹಾಗೆಂದು ಅವರನ್ನು ಸತಾಯಿಸಲೂಬೇಡ. ಬೇಕಾದುದೆಲ್ಲ ಅವರ ಕಣ್ಣೆದುರಿಗೇ ಇರಬೇಕು, ಗುರುತಿಸುವ ಕೆಲಸ ಮಾತ್ರ ಅವರದಾಗಿರಬೇಕು. ಬಿಡಿಸಿದ ಮೇಲೆ 'ಅಯ್ಯೋ, ಇಲ್ಲೇ ಇತ್ತಲ್ಲ!' ಎಂದರೆ ನೀನು ಗೆದ್ದೆ. 'ಇದು ಯಾರಿಗೆ ತಾನೇ ಗೊತ್ತಾಗುತ್ತಿತ್ತು' ಎಂದರೆ ಆ ಒಗಟನ್ನು ಮತ್ತೆ ಕಟ್ಟು.

ಆಡುವಾಗಲೂ ಇದೇ ನೇಮ ಇಟ್ಟುಕೊ. ಎಲ್ಲದಕ್ಕೂ ಈಗ ಯೂಟ್ಯೂಬಿನಲ್ಲಿ ಬಿಡಿಸಿ ತೋರಿಸುವ ವಿಡಿಯೊ ಸಿಗುತ್ತದೆ. ಸಿಕ್ಕಿಹಾಕಿಕೊಂಡಾಗ ಅದನ್ನು ತೆರೆಯದೆ ಟ್ಯಾಬು ಕೆಳಗಿಟ್ಟು, ಗಿಡಕ್ಕೆ ನೀರು ಹಾಕಿ ಬಾ. ಗೊತ್ತಾಗದ ಸ್ಥಿತಿಯಲ್ಲಿ ಗಾಬರಿಯಿಲ್ಲದೆ ಇರುವುದನ್ನು ಕಲಿಯಬೇಕು ಮಗಾ. ಆಟದ ಒಗಟಿಗೆ ಉತ್ತರ ಇದ್ದೇ ಇದೆ ಎಂದು ಮಾಡಿದವರ ಭರವಸೆ ಇರುತ್ತದೆ. ಬದುಕಿನಲ್ಲಿ ಆ ಭರವಸೆ ಕೊಡುವವರಿಲ್ಲ. ನಿಮ್ಮ ತಾತ ಹೋದಾಗ ನನಗೆ ಸಿಕ್ಕ ಉತ್ತರ ಯಾವುದೂ ಇರಲಿಲ್ಲ. ಆ ಪ್ರಶ್ನೆಯ ಜತೆಯಲ್ಲೇ ಎದ್ದು ಅಡುಗೆ ಮಾಡಿದೆ, ಶಾಲೆಗೆ ಹೋದೆ, ನಿಮ್ಮಪ್ಪನನ್ನು ಓದಿಸಿದೆ. ಉತ್ತರವಿಲ್ಲದೆಯೂ ಘನತೆಯಿಂದ ನಡೆಯಬಹುದೆಂದು ತಿಳಿಯಲು ನನಗೆ ವರ್ಷಗಳು ಹಿಡಿದವು. ಆ ಹುಡುಗನ ಆಟ ಅದನ್ನೇ ಮಾತಿಲ್ಲದೆ ಹೇಳಿತು. ಎರಡು ಗಂಟೆಯಲ್ಲಿ ಒಬ್ಬರಿಗೆ ಇಷ್ಟು ಧೈರ್ಯ ಕೊಡಬಲ್ಲ ವಸ್ತುವನ್ನು ನೀನು ಮಾಡಹೊರಟಿದ್ದೀಯ ಎಂದರೆ ನಾನು ಬೇಡ ಎನ್ನಲೇ?

ಯಾವುದರ ಮೇಲೆ ಮಾಡಲಿ ಎಂದು ತೊಳಲಾಡುತ್ತಿದ್ದೀಯಲ್ಲ, ನಿನ್ನ ಮುಂದೆಯೇ ಒಂದು ಒಗಟು ಹರಿಯದೆ ಮಲಗಿದೆ. ಅರ್ಕಾವತಿ. ನಂದಿಬೆಟ್ಟದಲ್ಲಿ ಹುಟ್ಟಿ, ನಮ್ಮ ದೊಡ್ಡಬಳ್ಳಾಪುರದ ನಾಗರಕೆರೆಗೆ ಬಂದು, ಹೆಸರಘಟ್ಟಕ್ಕೆ ಇಳಿದು, ಕೊನೆಗೆ ಕನಕಪುರದ ಆಚೆ ಸಂಗಮದಲ್ಲಿ ಕಾವೇರಿ ಸೇರುವ ನದಿ. 1894ರಲ್ಲಿ ಬೆಂಗಳೂರಿಗೆ ಕುಡಿಯುವ ನೀರು ಕೊಡಲು ಹೆಸರಘಟ್ಟದಲ್ಲಿ ಕಟ್ಟೆ ಕಟ್ಟಿದ್ದು ಈ ನದಿಯನ್ನು ನಂಬಿ. ಈಗ ನಮ್ಮ ಕಡೆ ಅದನ್ನು ನದಿ ಎಂದು ತೋರಿಸಿದರೆ ಮಕ್ಕಳು ನಂಬುವುದಿಲ್ಲ. ಹಳ್ಳದಲ್ಲಿ ನೀಲಗಿರಿ ನಿಂತಿದೆ, ಕಾಲುವೆಯ ಮೇಲೆ ಲೇಔಟಿನ ಕಲ್ಲು ನೆಟ್ಟಿದ್ದಾರೆ, ಒಂದು ಕೆರೆಯ ಕೋಡಿಯಿಂದ ಇನ್ನೊಂದಕ್ಕೆ ಹೋಗುತ್ತಿದ್ದ ನೀರಿನ ದಾರಿ ಕಡಿದಿದೆ. ದೇವನಹಳ್ಳಿಯಲ್ಲಿ 2008ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಸುತ್ತಲಿನ ಹೊಲಗಳ ಮುಖವೇ ಬದಲಾಯಿತು. ನಾಲ್ಕು ಚೌಕದಲ್ಲಿ ಒಂದೇ ಜಾಗದ ನಾಲ್ಕು ಕಾಲವನ್ನು ಇಟ್ಟು ನೋಡು: ರಾಗಿ ಹೊಲ, ದ್ರಾಕ್ಷಿ ಚಪ್ಪರ, ಸೈಟಿನ ಕಲ್ಲು, ಆರು ಸಾಲಿನ ರಸ್ತೆ. ಬೆಟ್ಟದ ಮೇಲೆ ಬಿದ್ದ ಒಂದು ಹನಿಯನ್ನು ಈ ನಾಲ್ಕರ ಮೂಲಕ ಕೆರೆಗೆ ಮುಟ್ಟಿಸುವುದೇ ಆಟ. ಯಾವ ಕಾಲದ ತೂಬನ್ನು ಎತ್ತಿದರೆ ಯಾವ ಕಾಲಕ್ಕೆ ನೀರು ಹೋದೀತು? ಒಬ್ಬರ ಹೊಲಕ್ಕೆ ತಿರುಗಿಸಿದ ನೀರು ಇನ್ನೊಬ್ಬರ ಬಾವಿಯಿಂದ ಕಳೆದುಹೋದೀತೇ? ನೀರಿಲ್ಲದ ಮೇಲೂ ಅದನ್ನು ನದಿ ಎನ್ನಬಹುದೇ? ತತ್ತ್ವವನ್ನು ಹೊರಗಿನಿಂದ ತಂದು ಅಂಟಿಸಬೇಕಾಗಿಲ್ಲ. ಅದು ಆ ಒಣಗಿದ ಮರಳಿನಲ್ಲೇ ಇದೆ. ಇದನ್ನೇ ಮಾಡು ಎನ್ನುತ್ತಿಲ್ಲ, ನಿನಗೆ ಗೊತ್ತಿರುವ ನೆಲದಿಂದ ಹೊರಡು ಎನ್ನುತ್ತಿದ್ದೇನೆ.

ದೊಡ್ಡ ಊರು, ದೊಡ್ಡ ಕಂಪನಿಯೇ ಬೇಕೆಂದಿಲ್ಲ. ಬೆಂಗಳೂರಿನಲ್ಲಿ 1997ರಲ್ಲಿ ರಾಜೇಶ್ ರಾವ್ ಕಟ್ಟಿದ ಧ್ರುವ ಇಂಟರಾಕ್ಟಿವ್ ಈ ದೇಶದಲ್ಲಿ ಗೇಮ್ ಕೆಲಸಕ್ಕೆ ದಾರಿ ಮಾಡಿತು. ನಮ್ಮ ಹುಡುಗರ ಕೈಚಳಕವನ್ನು ಹೊರದೇಶದ ದೊಡ್ಡ ದೊಡ್ಡ ಆಟಗಳು ಬಳಸಿಕೊಂಡವು. 2019ರಲ್ಲಿ ಆ ಸಂಸ್ಥೆ ರಾಕ್‌ಸ್ಟಾರ್ ಕಂಪನಿಯ ಕೈಸೇರಿತು. ಬೇರೆಯವರ ಕತೆಗೆ ಚಿತ್ರ ಬರೆಯುವುದೂ ಮರ್ಯಾದೆಯ ಕೆಲಸವೇ, ಅದರಿಂದ ಎಷ್ಟೋ ಮನೆಗಳು ನಡೆದಿವೆ. ಆದರೆ ಗುಜರಾತಿನ ಚಲಾ ಎಂಬ ಚಿಕ್ಕ ಊರಿನಲ್ಲಿ ಕೂತು ಸ್ಟುಡಿಯೊ ಓಲಿಯೊಮಿಂಗಸ್‌ನ ಧ್ರುವ್ ಜಾನಿ ಮತ್ತು ಜತೆಯವರು ಇತಿಹಾಸ, ನೆನಪು, ಅಧಿಕಾರ ಇಂಥವುಗಳ ಬಗ್ಗೆ ಪುಟ್ಟ ಪುಟ್ಟ ಆಟಗಳನ್ನು ಮಾಡಿ ಲೋಕದ ಮುಂದಿಟ್ಟಿದ್ದಾರೆ. ಚಲಾದಲ್ಲಿ ಆದದ್ದು ದೊಡ್ಡಬಳ್ಳಾಪುರದಲ್ಲಿ ಯಾಕಾಗಬಾರದು?

ಹಾಗೆಂದು ನಾಳೆಯೇ ರಾಜೀನಾಮೆ ಬರೆದುಕೊಡಬೇಡ. ಒಂದು ವರ್ಷದ ಖರ್ಚಿಗಾಗುವಷ್ಟು ಕೂಡಿಡು. ಅಲ್ಲಿಯವರೆಗೆ ಶನಿವಾರ ಭಾನುವಾರ ನಿನ್ನದಾಗಿರಲಿ. ಕಂಪ್ಯೂಟರು ಮುಟ್ಟುವ ಮೊದಲು ಹಳೆಯ ಲಗ್ನಪತ್ರಿಕೆಗಳ ರಟ್ಟಿನಲ್ಲಿ ನಾಲ್ಕು ಚೌಕ ಕತ್ತರಿಸಿ ಒಂದೇ ಒಂದು ಒಗಟು ಕಟ್ಟು. ಅದನ್ನು ನಿನ್ನ ಆಫೀಸಿನ ಗೆಳೆಯರಿಗೆ ತೋರಿಸುವ ಮೊದಲು ತೂಬಗೆರೆಯ ಶಾಲೆಯ ಮಕ್ಕಳ ಮುಂದಿಡು. ಅವರು ಆಟದ ಪರಿಭಾಷೆ ತಿಳಿಯದವರು, ಆದ್ದರಿಂದ ಸುಳ್ಳು ಮೆಚ್ಚುಗೆ ಹೇಳುವುದಿಲ್ಲ. ಎಲ್ಲಿ ಕೈ ತಡೆಯುತ್ತದೆ, ಎಲ್ಲಿ ಕಣ್ಣು ಅರಳುತ್ತದೆ ಎಂದು ನೋಡಿಕೊ, ಬಾಯಿ ಬಿಡಬೇಡ. ದೇವರು, ಗೋಪುರ, ರಂಗೋಲಿಯನ್ನು ಅಲಂಕಾರಕ್ಕೆಂದು ತುಂಬಬೇಡ. ಒಗಟಿಗೆ ಬೇಕಾದದ್ದು ಮಾತ್ರ ಇರಲಿ. ಅರ್ಧ ಗಂಟೆಯ ಆಟವಾದರೂ ಸರಿ, ಮುಗಿಸು. ಮುಗಿಸಿದ ಚಿಕ್ಕದು ಮುಗಿಯದ ದೊಡ್ಡದಕ್ಕಿಂತ ಎಷ್ಟೋ ಮೇಲು.

ನಿಮ್ಮಪ್ಪನ ಮೇಲೆ ಬೇಸರ ಬೇಡ. ಮಗ್ಗಗಳು ಒಂದೊಂದಾಗಿ ನಿಂತದ್ದನ್ನು ಈ ಬೀದಿಯಲ್ಲಿ ಕಣ್ಣಾರೆ ಕಂಡವನು ಅವನು. ತಿಂಗಳ ಸಂಬಳದ ಬೆಲೆ ಅವನಿಗೆ ಗೊತ್ತು, ಅದಕ್ಕೇ ಹೆದರುತ್ತಾನೆ. ಅವನೊಡನೆ ನಾನು ಮಾತಾಡುತ್ತೇನೆ. ನೀನೂ ಒಂದು ದಿನ ಅವನ ಪಕ್ಕ ಕೂತು ಗೊರೊಗೋವಾ ಆಡಿಸು. ಅವನಿಗೆ ಏನನ್ನೂ ವಿವರಿಸಬೇಡ.

ಪುಷ್ಯದಲ್ಲಿ ಘಾಟಿ ಜಾತ್ರೆಗೆ ತಪ್ಪದೆ ಬಾ. ಬರುವಾಗ ಆ ರಟ್ಟಿನ ಚೌಕಗಳನ್ನು ತಾ, ಮೊದಲು ಆಡುವವಳು ನಾನೇ. ಎಷ್ಟು ಹೊತ್ತಾದರೂ ಆಗಲಿ, ನಾನು ಕೇಳಿದರೂ ಉತ್ತರ ಹೇಳಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು, ಕಣ್ಣಿಗೆ ವಿಶ್ರಾಂತಿ ಕೊಡು. ಕೈಹಿಡಿದ ಕೆಲಸ ಕೈಗೂಡಲಿ, ನಿನ್ನಿಂದ ನಾಲ್ಕು ಜನರ ನೋಟ ಹಿಗ್ಗಲಿ.

ಇತಿ ನಿನ್ನ ಪ್ರೀತಿಯ
ಅಜ್ಜಿ